ಮಂಗನ ಕಾಯಿಲೆಯ ಎಣ್ಣೆ ಹಂಚುತ್ತಿದ್ದ ಅಕ್ಕ

ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಪತ್ರಿಕೆಗೆಂದು ಇದನ್ನು ಬರೆಯಲು ಕೂತಿದ್ದೇನೆ.

ನಿನ್ನೆ ಶಿರಾಳಕೊಪ್ಪದಿಂದ ಸೊರಬಕ್ಕೆ ಬರುವ ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಒಂದು ವಾಸನೆ ಬಂತು. ಔಷಧಿ ಅಂಗಡಿಯದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಎರಡರ ನಡುವಿನದು. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಿರಲೆಂದು ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ವಾಸನೆ ಅದು. ಎರಡು ನಿಲ್ದಾಣ ಮೊದಲೇ ಇಳಿದುಬಿಟ್ಟೆ.

ಆ ಎಣ್ಣೆಯನ್ನು ಸೊರಬ ತಾಲ್ಲೂಕಿನ ಉಳವಿ ಕಡೆಯ ನಮ್ಮೂರಿಗೆ ತಂದು ಹಂಚುತ್ತಿದ್ದವರು ಶಿಕಾರಿಪುರದ ಕಡೆಯ ಒಬ್ಬ ಅಕ್ಕ. ಆರೋಗ್ಯ ಕೇಂದ್ರದಲ್ಲಿ ಅವರದು ಗುತ್ತಿಗೆ ಕೆಲಸ. ಅಮ್ಮ ಅವರನ್ನು ಸಿಸ್ಟ್ರೇ ಎಂದು ಕರೆಯುತ್ತಿದ್ದಳು, ನನಗೆ ಅವರು ಎಣ್ಣೆ ಅಕ್ಕ. ಬಸ್ಸಿಳಿದು ಮೂರು ಮೈಲಿ ನಡೆದು ಬರುತ್ತಿದ್ದರು. ಬಂದವರೇ ಹೆಂಗಸರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ, "ಇದನ್ನ ಹಚ್ಕೊಂಡ್ರೆ ಉಣುಗೂ ಹತ್ರ ಬರಂಗಿಲ್ಲ, ಗಂಡ್ರೂ ಬರಂಗಿಲ್ಲ ನೋಡ್ರಿ!" ಎಂದು ನಗಿಸುತ್ತಿದ್ದರು.

ಅದು ಲಾಕ್‌ಡೌನ್ ಆದಮೇಲಿನ ಚಳಿಗಾಲ. ಅಮ್ಮ ಅಡುಗೆಗೆ ಹೋಗುತ್ತಿದ್ದ ಕಲ್ಯಾಣ ಮಂಟಪ ಬಾಗಿಲು ಹಾಕಿತ್ತು. ಹಾಗೆ ಕೆಲಸ ಹೋದವರೆಲ್ಲ ಕಾಡಿನ ಒಣ ಎಲೆ ಗುಡಿಸಿ, ಕೊಟ್ಟಿಗೆ ಗೊಬ್ಬರಕ್ಕೆಂದು ಮಾರಲು ಹೊರಟರು. ಹಿಂದಿನ ವರ್ಷ ನಮ್ಮ ಕೇರಿಯಿಂದ ಎಲೆಗೆ ಹೋಗುತ್ತಿದ್ದವರು ಆರು ಜನ. ಆ ವರ್ಷ ನಾನು ಲೆಕ್ಕ ಬರೆದಿಡುತ್ತಿದ್ದ ಪುಸ್ತಕದಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಕಾಡಿಗೆ ಹೋಗುವವರು ಹೆಚ್ಚಿದಂತೆ ಎಣ್ಣೆ ಕಡಿಮೆಯಾಯಿತು. ಮೊದಲು ಆಳಿಗೊಂದು ಬಾಟಲಿ ಇತ್ತು, ಆಮೇಲೆ ಮನೆಗೊಂದಾಯಿತು. "ಮ್ಯಾಲಿಂದಾನೇ ಬರ್ತಿಲ್ಲರೀ. ದುಡ್ಡಿಲ್ಲಂತೆ," ಎಂದು ಅಕ್ಕ ಖಾಲಿ ಚೀಲ ಕೊಡವಿ ತೋರಿಸಿದ್ದರು. ಸತ್ತ ಮಂಗದಿಂದ ಉದುರಿದ ಉಣುಗು ಸಾಯಲೆಂದು ಸುತ್ತ ಪುಡಿ ಹಾಕಲು ಅವರ ಜೊತೆ ಬರುತ್ತಿದ್ದ ಇಬ್ಬರನ್ನೂ ಕೆಲಸದಿಂದ ಬಿಡಿಸಿದ್ದರು.

ನಾನು ಆಗ ಪಿಯುಸಿ. ನನ್ನ ದಿನಚರಿಯ ಹುಚ್ಚು ಕಂಡು ಅಕ್ಕ ಒಂದು ಕೆಲಸ ಒಪ್ಪಿಸಿದರು. ಮಂಗ ಎಲ್ಲಿ ಸತ್ತಿದೆ, ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋದವರು ಯಾರು, ಎರಡನ್ನೂ ಬರೆದಿಡಬೇಕು. ಬೆಳಗ್ಗೆ ಕಾಡಿನ ದಾರಿಗೆ ಅಡ್ಡ ಹಾಕಿದ ಗಳುಗಳ ಗೇಟು, ದಣಪೆಯ ಹತ್ತಿರ ನಿಂತು ಒಬ್ಬೊಬ್ಬರ ಕೈ ಮೂಸಿ, ವಾಸನೆ ಇದ್ದರೆ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದೆ. ಅಮ್ಮನ ಹೆಸರಿನ ಮುಂದೆ ಒಂದು ಗೆರೆಯೂ ತಪ್ಪಿರಲಿಲ್ಲ...

ಅಮ್ಮನಿಗೆ ಜ್ವರ ಬಂದದ್ದು ಒಂದು ಗುರುವಾರ. ಕಣ್ಣು ಕೆಂಡದಂತಿತ್ತು, ಬೆಳಕು ಕಂಡರೆ ನರಳುತ್ತಿದ್ದಳು. ಅಕ್ಕ ಬಂದು ನನ್ನ ಪುಸ್ತಕ ನೋಡಿದರು, ಅಮ್ಮನ ಮೊಣಕಾಲಿನ ಹಿಂದಿನ ಕಚ್ಚಿದ ಗುರುತು ನೋಡಿದರು.

"ದಿನಾ ಹಚ್ಚಿದ್ರಿ ಅಂತ ಬರದೈತಿ. ಎಲ್ಲಿ ಹಚ್ಚಿದ್ರಿ ಹೇಳ್ರಿ."

ಅಮ್ಮ ಗೋಡೆಯ ಕಡೆ ಮುಖ ಮಾಡಿದಳು. "ಗೌರಿಗೆ ಹಚ್ಚಿದ್ದೆ ಸಿಸ್ಟ್ರೇ. ನಂಗೆ ಕಚ್ಚಿರೆ ನಾನೊಬ್ಳು. ಅದ್ಕೇನಾದ್ರೂ ಆದ್ರೆ ಮನೆಯೆಲ್ಲ ಉಪಾಸ."

ಗೌರಿ ನಮ್ಮ ಹಸು. ಆಗ ಮನೆ ನಡೆಯುತ್ತಿದ್ದದ್ದು ಅದರ ಹಾಲಿನಿಂದ. ದಿನವೂ ಅದರ ಮೈಗೆ ಎಣ್ಣೆ ತಿಕ್ಕಿದ ಕೈಯನ್ನೇ ಅಮ್ಮ ನನ್ನ ಮೂಗಿನ ಮುಂದೆ ಹಿಡಿದಿದ್ದಳು. ನಾನು ಕಾಲು ನೋಡಿರಲಿಲ್ಲ, ಕೈ ಮಾತ್ರ ಮೂಸಿದ್ದೆ.

ಆಂಬುಲೆನ್ಸ್‌ಗೆ ಡೀಸೆಲ್ ಇಲ್ಲ ಎಂದರು. ಅಕ್ಕ ಡೈರಿಯ ಹಾಲಿನ ವ್ಯಾನ್ ತಡೆದು, ಕ್ಯಾನುಗಳ ನಡುವೆ ಅಮ್ಮನನ್ನು ಮಲಗಿಸಿ, ಅಪ್ಪನನ್ನು ಜೊತೆಮಾಡಿ ಆಸ್ಪತ್ರೆಗೆ ಕಳಿಸಿದರು. ಹಸುವಿಗೆ ಹುಲ್ಲು ತರಲು ಕಾಡಂಚಿಗೆ ಹೋಗಲು ಇನ್ನು ನಾನೊಬ್ಬಳೇ. ಅಕ್ಕ ತಮ್ಮ ಚೀಲದಿಂದ ಅರ್ಧ ಬಾಟಲಿ ತೆಗೆದು ಕೊಟ್ಟರು. "ಇದು ನಿನ್ನ ಕಾಲಿಗೆ. ಗೌರಿಗಲ್ಲ, ತಿಳೀತಾ?"

ಅದು ಅವರು ಹಚ್ಚಿಕೊಳ್ಳಲು ಇಟ್ಟುಕೊಂಡಿದ್ದ ಎಣ್ಣೆ. ಅವತ್ತೇ ಅವರು ಪುಡಿಯ ಚೀಲ ಹೆಗಲಿಗೇರಿಸಿ, ಮಂಗ ಸತ್ತಿದ್ದ ಹಳ್ಳದ ಕಡೆ ಒಬ್ಬರೇ ನಡೆದರು. ಕಾಲಿಗೆ ಬರೀ ಚಪ್ಪಲಿ, ಕಣಕಾಲಿನವರೆಗೆ ಎತ್ತಿದ ಸೀರೆ...

ಎಂಟನೇ ದಿನ ಅಮ್ಮನನ್ನು ವಿಚಾರಿಸಲು ಬಂದರು. ತಿಂಗಳ ಕೊನೆಗೇ ಅವರ ಗುತ್ತಿಗೆ ಮುಗಿದಿತ್ತಂತೆ. ಬಿಸಿಲಿಗೆ ಬೆನ್ನು ಮಾಡಿ ಕೂತು, ಹಣೆ ಒತ್ತಿಕೊಳ್ಳುತ್ತಿದ್ದರು.

"ಕಣ್ಣು ಯಾಕೆ ಕೆಂಪು ಅಕ್ಕಾ?"

"ಬಸ್ಸಿನ ಧೂಳು ಕಣವಾ."

"ಇನ್ನು ಮಂಗ ಸತ್ರೆ ಯಾರಿಗೆ ಹೇಳ್ಲಿ?"

"ಬರದಿಡು," ಎಂದರು. ಎದ್ದವರು ಕಂಬ ಹಿಡಿದು ನಿಂತು, ಆಮೇಲೆ ಹೊರಟರು.

ಅವತ್ತಿನ ಪುಟದಲ್ಲಿ "ಕಣ್ಣು ಕೆಂಪು, ತಲೆನೋವು" ಎಂದು ನಾನೇ ಬರೆದಿದ್ದೇನೆ. ಆ ಎರಡು ಲಕ್ಷಣಗಳು ಏನು ಹೇಳುತ್ತವೆಂದು ಆ ವೇಳೆಗೆ ನನಗೆ ಗೊತ್ತಿತ್ತು. ಬರೆದೆ, ಆದರೆ ಅವರನ್ನು ತಡೆಯಲಿಲ್ಲ.

ಅಮ್ಮ ಇಪ್ಪತ್ತು ದಿನಕ್ಕೆ ಮನೆಗೆ ಬಂದಳು. ಈಗಲೂ ಲೋಟ ಹಿಡಿದರೆ ಕೈ ನಡುಗುತ್ತದೆ, ಆದರೆ ಇದ್ದಾಳೆ. ಅಕ್ಕನ ಫೋನು ಮತ್ತೆ ಹತ್ತಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಹೊಸ ಪಟ್ಟಿ ತೆಗೆದು, "ಅಂಥವರು ಯಾರೂ ನಮ್ಮಲ್ಲಿಲ್ಲ" ಎಂದರು. ಕೆಲಸದಲ್ಲಿದ್ದು ಜ್ವರ ಬಂದಿದ್ದರೆ ಯಾರಾದರೂ ಬರೆದುಕೊಳ್ಳುತ್ತಿದ್ದರು. ಕೆಲಸ ಹೋದವರ ಜ್ವರ ಯಾವ ಪುಸ್ತಕದಲ್ಲೂ ಇಲ್ಲ. ಶಿಕಾರಿಪುರಕ್ಕೆ ನಾಲ್ಕು ಸಲ ಹೋಗಿ ಬಂದೆ. ಅವರ ಹೆಸರಾಗಲಿ ಊರಾಗಲಿ ನಾನು ಯಾವತ್ತೂ ಕೇಳಿರಲಿಲ್ಲ.

ಈ ಚಳಿಗಾಲವೂ ಜನ ಎಲೆಗೆ ಹೋಗುತ್ತಿದ್ದಾರೆ. ಕಳೆದ ವಾರ ಹಳ್ಳದ ಹತ್ತಿರ ಒಂದು ಮಂಗ ಸತ್ತಿತ್ತು.

ಶಿಕಾರಿಪುರದ ಕಡೆ ಇದನ್ನು ಓದುವವರು ಯಾರಾದರೂ ಇದ್ದರೆ... ಆ ಚಳಿಗಾಲದ ಕೊನೆಯಲ್ಲಿ, ಸೊರಬದ ಹಳ್ಳಿಗಳಿಗೆ ಎಣ್ಣೆ ಹಂಚಿ, ಕೆಲಸ ಕಳೆದುಕೊಂಡು ಮನೆಗೆ ಬಂದ ಹೆಂಗಸೊಬ್ಬರು ನಿಮ್ಮ ಕೇರಿಯಲ್ಲಿ ಜ್ವರ ಬಂದು ಮಲಗಿದ್ದರೇ? ಮಲಗಿದವರು ಎದ್ದರೇ? ದಯವಿಟ್ಟು ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಎದ್ದಿಲ್ಲವೆಂದಾದರೂ ಬರೆಯಿರಿ.