ಕಾರ್ಬನ್ ಹರಿದು ತೋರಿಸುವವಳು

ನಮ್ಮ ಅಂಗಡಿಗೆ ಕಂಪ್ಯೂಟರ್ ಬಂದ ದಿನ ಎಲ್ಲರೂ ಅದರ ಮುಖ ನೋಡಿದರು, ನಾನು ಬೆನ್ನು ನೋಡಿದೆ. ಐದಾರು ವಾಯರುಗಳು ಒಂದಕ್ಕೊಂದು ತೊಡರಿಕೊಂಡು ಬಿದ್ದಿದ್ದವು. ಒಂದೊಂದನ್ನೇ ಬೆರಳಲ್ಲಿ ಹಿಡಿದು, ಯಾವುದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ಬಂದೆ. ಒಂದು ಕೀಬೋರ್ಡಿಗೆ, ಒಂದು ಮೌಸಿಗೆ, ಒಂದು ಪ್ರಿಂಟರಿಗೆ. ಇನ್ನೊಂದು ಮಾತ್ರ ಗೋಡೆಯ ತೂತಿನೊಳಗೆ ಹೋಗಿತ್ತು.

“ಇದು ಎಲ್ಲಿಗೆ ಹೋಗತೈತ್ರಿ?” ಎಂದು ಅಂಗಡಿಯ ಮಾಲಕರನ್ನು ಕೇಳಿದೆ.

“ಅದು ಇಂಟರ್ನೆಟ್ಟಿಂದರಿ. ಎಲ್ಲಾ ಕಡೆ ಹೋಗತೈತಿ.”

ಎಲ್ಲಾ ಕಡೆ ಹೋಗುವ ವಾಯರನ್ನು ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಇಟ್ಟುಕೊಳ್ಳುವುದೆಂದರೆ ಏನು? ಅಂದೇ ನನಗೆ ಆ ಯಂತ್ರದ ಮೇಲೆ ಅನುಮಾನ ಹುಟ್ಟಿತು.

ಅನುಮಾನ ನನಗೆ ತವರಿನ ಬಳುವಳಿ. ಹುಕ್ಕೇರಿಯಲ್ಲಿ ನಮ್ಮವ್ವ ತುಪ್ಪದ ಗಡಿಗೆ ಮುಚ್ಚುವ ಮೊದಲು ತುಪ್ಪದ ಮೇಲೆ ಬೆರಳಿಂದ ಒಂದು ಗೆರೆ ಎಳೆದಿಡುತ್ತಿದ್ದಳು. ಗೆರೆ ಅಳಿಸಿದ್ದರೆ ಮನೆಮಂದಿಯೆಲ್ಲ ಸಾಲಾಗಿ ನಿಂತು ಅವಳ ಮೂಗಿಗೆ ಕೈ ಹಿಡಿಯಬೇಕು. ಅಂಥ ಮನೆಯಲ್ಲಿ ಹುಟ್ಟಿ ಮೂಡಲಗಿಯ ಮನೆಗೆ ಸೊಸೆಯಾಗಿ ಬಂದೆ. ಅಲ್ಲಿಂದ ದಿನಾ ಬಸ್ಸು ಹತ್ತಿ ಗೋಕಾಕಿಗೆ ಬಂದು ಇಪ್ಪತ್ತು ವರ್ಷ ಟೈಪ್ ಮಾಡಿದೆ. ಅಫಿಡವಿಟ್ಟು, ಕರಾರು, ಗಂಡ ಹೆಂಡತಿಯ ಜಗಳ, ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ, ಏನೆಲ್ಲ ನನ್ನ ಬೆರಳ ಕೆಳಗೆ ಹಾದುಹೋಗಿವೆ.

ಟೈಪಿಂಗ್ ಕಲಿತದ್ದು ಹುಕ್ಕೇರಿಯಲ್ಲೇ. ನಮಗೆ ಕಲಿಸಿದ ಗುರುಗಳು ಅಕ್ಷರಕ್ಕಿಂತ ಮೊದಲು ಒಂದು ಮಾತು ಕಲಿಸಿದ್ದರು. “ನೀರ ಪೈಪಿನ್ಯಾಗ ಹಾದ ಹೋಗತೈತಿ, ಪೈಪ ಕುಡಿಯೂದಿಲ್ಲ. ಟೈಪಿಸ್ಟ್ ಹಂಗ ಇರಬೇಕು.” ಎರಡನೆಯ ಪಾಠ ಕಾರ್ಬನ್ ಹಾಳೆಯದು. ಹೊಸ ಕಾರ್ಬನ್ನಿನ ಮೇಲೆ ಒಂದೇ ಸಲ ಟೈಪ್ ಮಾಡಿ, ಅದನ್ನು ಬೆಳಕಿಗೆ ಹಿಡಿದರೆ ಇಡೀ ಪತ್ರ ಓದಬಹುದು. ಆದ್ದರಿಂದ ಗುಟ್ಟಿನ ಕೆಲಸ ಮುಗಿದ ಕೂಡಲೇ ಆ ಕಾರ್ಬನ್ನನ್ನು ಮಾಡಿಸಿದವರ ಕಣ್ಣೆದುರೇ ಹರಿದುಹಾಕಬೇಕು. ನಾನು ಈ ಪದ್ಧತಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. “ನೋಡ್ರಿ, ಹರದೇನಿ” ಎಂದು ತುಂಡುಗಳನ್ನು ಎತ್ತಿ ತೋರಿಸುತ್ತಿದ್ದೆ. ಜೊತೆಗೆ ಒಂದು ಮಾತನ್ನೂ ಸೇರಿಸುತ್ತಿದ್ದೆ: “ನನಗ ಕಿವಿಗೆ ಬಿದ್ದದ್ದು ಸೀದಾ ಬೆರಳಿಗೆ ಬರತೈತ್ರಿ. ತಲಿಯಾಗ ಏನೂ ನಿಲ್ಲೂದಿಲ್ಲ.” ಜನ ನಿರಾಳವಾಗಿ ಹೋಗುತ್ತಿದ್ದರು.

ಕಂಪ್ಯೂಟರಿನ ಬೆನ್ನಿಗೇ ಅದನ್ನು ನಡೆಸುವವಳೂ ಬಂದಳು. ಅಂಕಲಗಿಯಿಂದ ಬರುವವಳು, ಎರಡು ಮಕ್ಕಳ ತಾಯಿ, ಮೂವತ್ತರ ಆಸುಪಾಸು, ಡಿಪ್ಲೊಮಾ ಮಾಡಿಕೊಂಡಿದ್ದಳು. ಕೊರಳಲ್ಲಿ ಕರಿಮಣಿ, ಅದರ ಜೊತೆಗೆ ಒಂದು ದಾರದಲ್ಲಿ ಪೆನ್ ಡ್ರೈವ್. ಬೆರಳುದ್ದದ ಆ ವಸ್ತುವಿನಲ್ಲಿ ಇಡೀ ಅಂಗಡಿಯ ಕಾಗದಪತ್ರಗಳನ್ನು ತುಂಬಿಕೊಂಡು ಹೋಗಬಹುದೆಂದು ಅವಳೇ ಒಮ್ಮೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಸಂಜೆ ಅವಳು ಮನೆಗೆ ಹೊರಡುವಾಗ ನನ್ನ ಕಣ್ಣು ಆ ದಾರದ ಮೇಲೇ ಇರುತ್ತಿತ್ತು.

ಹಾಗೆಂದು ಅವಳು ಕಲಿಸಲು ಹಿಂಜರಿದವಳಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಕಲಿಸುತ್ತಿದ್ದಳು. “ಕೀಬೋರ್ಡ್, ಮೌಸ್, ಸ್ಕ್ಯಾನರ್, ಇವು ಒಳಗ ಹಾಕಾವು ನೋಡ್ರಿ ಅಕ್ಕಾರ. ಇನ್‌ಪುಟ್ ಅಂತಾರ. ಈ ಪರದಿ, ಪ್ರಿಂಟರ್, ಇವು ಹೊರಗ ಕೊಡಾವು. ಔಟ್‌ಪುಟ್.”

“ನಡುವ ಏನಾಗತೈತಿ?” ನನಗೆ ಬೇಕಾಗಿದ್ದದ್ದು ಅದೊಂದೇ.

ಅವಳು ಕೈಯಲ್ಲಿದ್ದ ರೊಟ್ಟಿಯನ್ನೇ ಎತ್ತಿ ತೋರಿಸಿದಳು. “ನೀವು ರೊಟ್ಟಿ ಬಡಿಯೂ ಮುಂದ ಹಿಟ್ಟು ಎಲ್ಲಿರತೈತ್ರಿ? ಕಣ್ಣ ಮುಂದ, ಕೈ ಕೆಳಗ. ಅದು ರ‍್ಯಾಮ್. ಕೆಲಸ ನಡಿಯೂ ಮಟಾ ಅಷ್ಟ. ಸುಟ್ಟು ಬುಟ್ಟ್ಯಾಗ ಹಾಕಿದ ಕಡಕ್ ರೊಟ್ಟಿ ತಿಂಗಳಾದರೂ ಇರತಾವು. ಆ ಬುಟ್ಟಿ ಹಾರ್ಡ್ ಡಿಸ್ಕ್. ಸೇವ್ ಮಾಡೂದು ಅಂದ್ರ ಬುಟ್ಟ್ಯಾಗ ಹಾಕೂದು. ಹಾಕಲಾರದ ಎದ್ದ ಹೋದ್ರ ಹೋತರಿ.”

ಇಷ್ಟು ಚೆನ್ನಾಗಿ ಹೇಳಿದ್ದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಆ ಬುಟ್ಟಿ ಯಾರ ಕೈಯಾಗ ಇರತೈತಿ?”

ಅವಳು ನಕ್ಕುಬಿಟ್ಟಳು. ನನಗೆ ಅದು ಉತ್ತರ ತಪ್ಪಿಸುವ ನಗುವಿನಂತೆ ಕಂಡಿತು, ಮುಂದಿನದು ಕಿವಿಗೆ ಹೋಗಲೇ ಇಲ್ಲ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಟೈಪ್ ಮಾಡಿದ್ದು ಯಂತ್ರದಲ್ಲಿ ಇದ್ದೇ ಇರುತ್ತದೆ, ಸೇವ್ ಎಂದರೆ ಅದರ ಇನ್ನೊಂದು ಪ್ರತಿ ಬುಟ್ಟಿಗೆ ಹೋಗುತ್ತದೆ. ಅಂದರೆ ಅದು ಕಾರ್ಬನ್. ಕೆಲಸ ಮುಗಿಸಿ ಮುಚ್ಚುವಾಗಲೆಲ್ಲ ಯಂತ್ರ ಕೇಳುತ್ತಿತ್ತು, ಸೇವ್ ಮಾಡಲೇ ಬೇಡವೇ ಎಂದು. ನಾನು ಪ್ರತಿ ಸಲವೂ “ನೋ” ಒತ್ತುತ್ತಿದ್ದೆ. ಒತ್ತಿದಾಗ ಕಾರ್ಬನ್ ಹರಿದಷ್ಟೇ ಸಮಾಧಾನ. ನಮ್ಮಲ್ಲಿ ಕೆಲಸ ಅಂದಂದಿಗೇ ಮುಗಿದು, ಪ್ರಿಂಟು ಜನರ ಕೈ ಸೇರುತ್ತಿತ್ತು. ಆದ್ದರಿಂದ ತಿಂಗಳುಗಟ್ಟಲೆ ನನ್ನ ತಪ್ಪು ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಆಗ ಬಂದವರು ಧುಪದಾಳದ ಒಬ್ಬ ಮಾಸ್ತರರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಗಂಟಲಿನ ರೋಗ. ಮುಂದಿನ ವಾರ ಬೆಳಗಾವಿಯಲ್ಲಿ ಆಪರೇಶನ್, ಅದಾದ ಮೇಲೆ ಧ್ವನಿ ಇರುವುದಿಲ್ಲ. ಬರೆಯೋಣವೆಂದರೆ ಕೈ ನಡುಗುತ್ತಿತ್ತು. ಮನಸ್ಸಿಗೆ ಬಂದವನನ್ನು ಮದುವೆಯಾದ ಮಗಳೊಂದಿಗೆ ಅವರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಅವಳು ಬರೆದ ಪತ್ರಗಳನ್ನು ಒಡೆಯದೆ ವಾಪಸು ಕಳಿಸಿದ್ದರಂತೆ. ಈಗ ಧ್ವನಿ ಇರುವಾಗಲೇ ಅವಳಿಗೊಂದು ಪತ್ರ ಹೇಳಿ ಬರೆಸಬೇಕಾಗಿತ್ತು.

“ಅಕ್ಕಾರ, ಇದರದೊಂದ ಕಾಪಿನೂ ಎಲ್ಲೂ ಉಳಿಯಬಾರದರಿ. ಮನ್ಯಾಗ ಓದಾವರು ಭಾಳ ಅದಾರ. ಪೂರಾ ಮುಗದ ಮ್ಯಾಲ ಒಮ್ಮೆಲೆ ತಗೊಂಡ ಹೋಗತೇನಿ.”

ನಾನು ನನ್ನ ಕಾರ್ಬನ್ನಿನ ಕಥೆ ಹೇಳಿದೆ. ಕಿವಿಯಿಂದ ಬೆರಳಿಗೆ, ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದೂ ಹೇಳಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು.

ಮೂರು ದಿನ ಹೇಳಿದರು. ಒಂದೊಂದು ವಾಕ್ಯಕ್ಕೂ ಒಂದೊಂದು ಗುಟುಕು ಬಿಸಿನೀರು. ದಿನಾ ಸಂಜೆ ಮೂಡಲಗಿಯ ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಹಾಗೇ ಎದ್ದು ಓಡುತ್ತಿದ್ದೆ, ಯಂತ್ರ ಬಂದ್ ಮಾಡುವುದು ಅಂಕಲಗಿಯವಳ ಕೆಲಸ. ಮರುದಿನ ಬಂದು ತೆಗೆದರೆ ಹಿಂದಿನ ದಿನದ್ದೆಲ್ಲ ಹಾಗೇ ಇರುತ್ತಿತ್ತು. ಯಂತ್ರದಲ್ಲಿ ಇದ್ದೇ ಇರುತ್ತದಲ್ಲ ಎಂದುಕೊಂಡೆ.

ನಾಲ್ಕನೆಯ ದಿನ ಅಂಕಲಗಿಯವಳು ರಜೆ. ಸಣ್ಣ ಮಗನಿಗೆ ಜ್ವರ. ಮಾಸ್ತರರು ಅಂದು ಹೇಳಿದ್ದೇ ಆ ಪತ್ರದ ಜೀವ. ಅಲ್ಲಿಯವರೆಗೆ ಊರು, ಹೊಳೆ, ಅವಳ ಬಾಲ್ಯ ಎಂದೆಲ್ಲ ಸುತ್ತಿ ಸುತ್ತಿ ಬಂದಿದ್ದರು. ಅಂದು ನೇರ ಮಗಳ ಮುಂದೆ ಬಂದು ನಿಂತರು. ಅದರಲ್ಲಿ ಏನಿತ್ತೆಂದು ನಾನಿಲ್ಲಿ ಬರೆಯುವುದಿಲ್ಲ. ಮುಗಿಯುವ ಹೊತ್ತಿಗೆ ಅವರ ಧ್ವನಿ ಬರೀ ಗಾಳಿಯಾಗಿತ್ತು. ಪ್ರಿಂಟ್ ಕೊಡೋಣವೆಂದರೆ ಪ್ರಿಂಟರಿನಲ್ಲಿ ಶಾಯಿಯ ಪುಡಿ ತೀರಿ ಹಾಳೆ ಬೆಳ್ಳಗೆ ಬಂತು. ತುಂಬುವವನು ಘಟಪ್ರಭೆಯಿಂದ ಬೆಳಿಗ್ಗೆ ಬರುತ್ತೇನೆಂದ. ಮಾಸ್ತರರು ಮರುದಿನ ಹತ್ತೂವರೆಯ ಬಸ್ಸಿಗೆ ಬೆಳಗಾವಿಗೆ ಹೊರಟವರು, ಹೋಗುವ ಮುನ್ನ ಬಂದು ಒಯ್ಯುತ್ತೇನೆಂದು ಸನ್ನೆ ಮಾಡಿ ಹೋದರು. ನಾನೇ ಯಂತ್ರ ಬಂದ್ ಮಾಡಿದೆ. ಅದು ಎಂದಿನಂತೆ ಕೇಳಿತು. ಒಂದು ಕಾಪಿಯೂ ಉಳಿಯಬಾರದೆಂಬ ಮಾತು ನೆನೆದು, ಬಲು ನಿಷ್ಠೆಯಿಂದ “ನೋ” ಒತ್ತಿದೆ.

ಬೆಳಿಗ್ಗೆ ಹತ್ತಕ್ಕೆ ನಾನು ಬರುವಾಗ ಅಂಕಲಗಿಯವಳು ಆಗಲೇ ಬಂದು, ಪ್ರಿಂಟರಿಗೆ ಪುಡಿ ತುಂಬಿಸಿ, ಯಂತ್ರದ ಮುಂದೆ ಕೂತಿದ್ದಳು. ಮಾಸ್ತರರು ಚೀಲ ಹಿಡಿದು ಬೆಂಚಿನ ಮೇಲೆ. ಫೈಲ್ ತೆಗೆದೆ. ಮೂರು ದಿನದ್ದು ಇತ್ತು. ನಾಲ್ಕನೆಯ ದಿನದ್ದು ಒಂದಕ್ಷರವೂ ಇರಲಿಲ್ಲ.

ಮೇಲೆ ಕೆಳಗೆ ಹತ್ತು ಸಲ ಎಳೆದು ನೋಡಿದೆ. ಉಳಿದದ್ದು ಉಳಿದು, ಬೇಕಾದದ್ದೇ ಹೋಗುವುದೆಂದರೆ ಅದು ತಾನಾಗಿ ಹೋದದ್ದಲ್ಲ, ಯಾರೋ ಆರಿಸಿ ತೆಗೆದದ್ದು. ಬೆಳಿಗ್ಗೆಯಿಂದ ಇಲ್ಲಿ ಕೂತವರು ಯಾರು? ಕೊರಳಲ್ಲಿ ಪೆನ್ ಡ್ರೈವ್ ಕಟ್ಟಿಕೊಂಡವರು ಯಾರು? ನನ್ನ ಕುರ್ಚಿಯ ಮೇಲೆ ಯಾರ ಕಣ್ಣು?

“ಏನ ಮಾಡಿದಿ ಅದನ್ನ?” ಎಂದೆ.

“ಯಾವುದನ್ನರಿ ಅಕ್ಕಾರ?”

“ನಾಟಕಾ ಮಾಡಬ್ಯಾಡ. ಆ ಕೊಳ್ಳಾಗಿಂದು ಬಿಚ್ಚು. ಬಿಚ್ಚಂದ್ರ ಬಿಚ್ಚು!”

ಮಾಲಕರು ಒಳಗಿಂದ ಬಂದು ನಿಂತರು. ಬಾಗಿಲಲ್ಲಿ ಇಬ್ಬರು ಕಕ್ಷಿದಾರರು ಇಣುಕಿದರು. ಅವಳು ದಾರ ತೆಗೆದು, ಪೆನ್ ಡ್ರೈವನ್ನು ಸಿಕ್ಕಿಸಿ, ಒಂದೊಂದನ್ನೇ ತೆರೆದು ತೋರಿಸಿದಳು. ಖಾಲಿ ಅರ್ಜಿಗಳ ನಮೂನೆಗಳು. ಮಕ್ಕಳ ಫೋಟೋಗಳು. ಒಂದರಲ್ಲಿ ಸಣ್ಣವನು ಹಣೆಗೆ ವಿಭೂತಿ ಹಚ್ಚಿಕೊಂಡು, ಮುಂದಿನ ಹಲ್ಲಿಲ್ಲದೆ ನಗುತ್ತಿದ್ದ. ಮತ್ತೇನೂ ಇರಲಿಲ್ಲ.

ಆಮೇಲೆ ಅವಳು ಮೆಲ್ಲಗೆ ಕೇಳಿದಳು. “ನಿನ್ನಿ ಸಂಜಿಕ ಬಂದ್ ಮಾಡೂ ಮುಂದ ಅದೇನರ ಕೇಳಿತರಿ?”

“ಕೇಳಿತು. ನೋ ಒತ್ತೇನಿ. ಕೆಲಸ ಮುಗದಾಗೆಲ್ಲಾ ಹಂಗ ಒತ್ತತೇನಿ.”

“ಮೊದಲಿನ ಮೂರು ದಿನ ಸಂಜಿಕ ನಾ ಯೆಸ್ ಒತ್ತಿದ್ನಿರಿ ಅಕ್ಕಾರ. ಅದಕ್ಕ ಅವು ಉಳದಾವು.” ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ಹಿಟ್ಟು, ಬುಟ್ಟಿ, ಎಲ್ಲ ಆಗ ಒಂದೇ ಸಲಕ್ಕೆ ಅರ್ಥವಾಯಿತು. ನಾನು ಹರಿದದ್ದು ಕಾರ್ಬನ್ನಲ್ಲ, ಅಸಲು ಪತ್ರ. ನಾಚಿಕೆಯಿಂದ ನೆಲ ನೋಡಿದೆ. ಅವಳ ಮುಂದೆ ಕೈ ಮುಗಿಯಬೇಕೆನಿಸಿತು, ಕೈ ಮೇಲೇಳಲಿಲ್ಲ.

ಅಷ್ಟರಲ್ಲಿ ಮಾಸ್ತರರು ಎದ್ದು ಹತ್ತಿರ ಬಂದಿದ್ದರು. ಮತ್ತೆ ಹೇಳಲು ಬಾಯಿ ತೆರೆದರು. “ಮಗಳ...” ಎಂಬುದು ತುಟಿಯ ಆಕಾರದಿಂದಷ್ಟೇ ತಿಳಿಯಿತು. ಕೆಮ್ಮು ಬಂತು, ಗೋಡೆ ಹಿಡಿದುಕೊಂಡರು. ಇದ್ದ ಧ್ವನಿಯನ್ನೆಲ್ಲ ನಿನ್ನೆಯೇ ನನಗೆ ಕೊಟ್ಟು ಹೋಗಿದ್ದರು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ.

ನಾನು ಕೂತೆ. ಕೀಬೋರ್ಡ್ ಎಳೆದುಕೊಂಡೆ. ಕಣ್ಣು ಮುಚ್ಚಿ ಟೈಪ್ ಮಾಡಿದೆ.

ಒಂದು ಮಾತೂ ಬಿಡಲಿಲ್ಲ. ಅವರು ಎಲ್ಲಿ ನಿಲ್ಲಿಸಿ ನೀರು ಕುಡಿದರು, ಯಾವ ಸಾಲನ್ನು ಹೇಳಿ “ಬ್ಯಾಡ, ತಗೀರಿ” ಎಂದರು, ಅದರ ಬದಲು ಏನು ಹೇಳಿದರು, ಎಲ್ಲ ನನ್ನೊಳಗೆ ಸಾಲುಸಾಲಾಗಿ ಇತ್ತು. ಇದೊಂದೇ ಅಲ್ಲ. ಇಪ್ಪತ್ತು ವರ್ಷದ ಎಲ್ಲವೂ ಇತ್ತು. ಯಾರ ಮನೆಯ ಸೊಸೆ ಏನು ಹೇಳಿದಳು, ಯಾವ ಅಣ್ಣ ಯಾವ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದ, ಕೇಳಿದರೆ ಈಗಲೂ ಹೇಳಬಲ್ಲೆ. ತಲೆಯಲ್ಲಿ ನಿಲ್ಲುವುದಿಲ್ಲ ಎಂದದ್ದು ಶುದ್ಧ ಸುಳ್ಳು. ಹೇಳಿ ಹೇಳಿ ನನಗೇ ಅದು ನಿಜವೆನಿಸಿತ್ತು.

ಹತ್ತು ನಿಮಿಷದಲ್ಲಿ ಮುಗಿಯಿತು. ಪ್ರಿಂಟರ್ ಬಿಸಿ ಹಾಳೆಗಳನ್ನು ಒಂದೊಂದಾಗಿ ಹೊರಹಾಕಿತು. ಮಾಸ್ತರರು ಕೊನೆಯ ಎರಡು ಪುಟ ಓದಿದರು. ತಿದ್ದಲು ಏನೂ ಇರಲಿಲ್ಲ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ, ನಾನು ಆ ಗೋಡೆಯ ತೂತಿನ ವಾಯರನ್ನು ನೋಡುತ್ತಿದ್ದ ರೀತಿಯೇ ಇತ್ತು.

“ಎಲ್ಲಾ... ನೆನಪ ಐತೇನ್ರಿ ನಿಮಗ?” ಪಿಸುಮಾತು ಕಷ್ಟದಿಂದ ಬಂತು.

ಅವರು ಹಾಳೆಗಳನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೋದರು.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅಂಕಲಗಿಯವಳಿಗೆ ಹೇಳಿದೆ, “ನಂದ ತಪ್ಪಾತವ್ವಾ.” ಅವಳು ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದಳು. ಆದರೆ ಮರುದಿನದಿಂದ ಪೆನ್ ಡ್ರೈವನ್ನು ಕೊರಳಲ್ಲಿ ಹಾಕಿಕೊಂಡು ಬರಲಿಲ್ಲ. ಮೇಜಿನ ಮೇಲೆ, ನನ್ನ ಕಣ್ಣಿಗೆ ಬೀಳುವಂತೆ ಇಡತೊಡಗಿದಳು.

ಎರಡು ತಿಂಗಳ ಮೇಲೆ ಮಾಸ್ತರರು ಬಂದರು. ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿದ್ದರು. ಮಗಳಿಗೆ ಪತ್ರ ಮುಟ್ಟಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಕಂಪ್ಯೂಟರಿನ ಕಡೆ ಬೆರಳು ತೋರಿಸಿ, ಅಂಗೈಯನ್ನು ಒರೆಸಿದಂತೆ ಮಾಡಿದರು. ಅಂಕಲಗಿಯವಳಿಗೆ ಕೂಡಲೇ ತಿಳಿಯಿತು. ಆ ಫೈಲನ್ನು ಅವರ ಕಣ್ಣೆದುರೇ ಅಳಿಸಿದಳು. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ತೆರೆದು ಖಾಲಿ ಮಾಡಿದಳು. ಪೆನ್ ಡ್ರೈವನ್ನೂ ಸಿಕ್ಕಿಸಿ ತೋರಿಸಿದಳು. “ಎಲ್ಲೂ ಇಲ್ಲರಿ ಗುರುಗಳ, ನೋಡ್ರಿ.”

ಅವರು ತಲೆಯಾಡಿಸಿದರು. ಹೊರಡುತ್ತಾರೆ ಎಂದುಕೊಂಡೆ. ಹೊರಡಲಿಲ್ಲ. ನನ್ನ ಕಡೆ ತಿರುಗಿ, ಬೆರಳನ್ನು ಎತ್ತಿ ನನ್ನ ಹಣೆಯನ್ನು ತೋರಿಸಿದರು. ಮತ್ತೆ ಅಂಗೈಯನ್ನು ಒರೆಸಿದಂತೆ ಮಾಡಿ, ಉತ್ತರಕ್ಕಾಗಿ ಕಾಯುತ್ತ ನಿಂತರು.

ಹರಿದು ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.