ಶೂಲಾನ್ ಕೌನ್ಸಿಲ್ಲಿನ ಮುಂದೆ ನಿಂತದ್ದು

ನಾವು ಬಂದು ನೆಲೆಸಿದ ಪರದೇಶದ ಊರು ನ್ಯೂಮಾರ್ಕೆಟ್ಟಿನಲ್ಲಿ ನಮ್ಮ ಪಕ್ಕದ ಮನೆಯ ಗುವೊ ಶೂಲಾನ್‌ಗೆ ಈಗ ಎಪ್ಪತ್ತೆರಡು. ಚೀನಾದ ಶಾನ್‌ಡಾಂಗ್ ಪ್ರಾಂತ್ಯದವರು. ನೂಲಿನ ಗಿರಣಿಯಲ್ಲಿ ದುಡಿದು, ನಿವೃತ್ತರಾದ ಎಷ್ಟೋ ವರ್ಷದ ಮೇಲೆ ಮಗಳ ಹತ್ತಿರ ಬಂದರು. ಸಂಜೆ ವಾಕಿಂಗಿಗೆ ಜೊತೆಯಾದಾಗ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ನನಗೆ ಹಳೆಯದನ್ನೆಲ್ಲ ಹೇಳುತ್ತಾರೆ.

ಹದಿನಾಲ್ಕರ ವಯಸ್ಸಿನಲ್ಲಿ, ದೇಶದ ರಾಜಕೀಯ ಗದ್ದಲದಲ್ಲಿ ಅವರ ಶಾಲೆ ಮುಚ್ಚಿತು. ದಿನವೂ ಯಾರನ್ನಾದರೂ ನಿಲ್ಲಿಸಿ ನಿಂದಿಸುವ ಸಭೆ, ಹೋಗದೆ ಇರುವಂತಿರಲಿಲ್ಲ. ಒಮ್ಮೆ ತಮ್ಮ ಗಣಿತದ ಮೇಷ್ಟರ ವಿರುದ್ಧವೇ ಎಲ್ಲರ ಜೊತೆ ಕೂಗಿದ್ದರಂತೆ. ಎಂಬತ್ತರ ದಶಕದಲ್ಲಿ ಗಿರಣಿಗೆ ಸ್ಥಳೀಯ ಪ್ರತಿನಿಧಿಗಳ ಚುನಾವಣೆಯ ಮತಚೀಟಿ ಬಂತು. ಇಬ್ಬರನ್ನು ಆರಿಸಲು ಮೂರು ಹೆಸರು, ಮೂರೂ ಮೇಲಿನವರು ಒಪ್ಪಿದ್ದವೇ. ಆಮೇಲೆ ಅಣ್ಣನ ಹಳ್ಳಿಯಲ್ಲಿ ಮುಖ್ಯಸ್ಥನನ್ನು ಜನರೇ ಗುಪ್ತ ಮತದಿಂದ ಆರಿಸತೊಡಗಿದರು. ನಿವೃತ್ತರಾದ ಮೇಲೆ ಶೂಲಾನ್ ಕಾರ್ಖಾನೆಯೊಂದರ ಹೊಗೆಯ ಫೋಟೊಗಳನ್ನು ನೆರೆಯವರ ಮೊಬೈಲ್ ಗುಂಪಿಗೆ ಹಾಕಿದರು. ಹೊಗೆ ಕಡಿಮೆಯಾಯಿತು. ಗುಂಪೂ ಒಂದು ಬೆಳಿಗ್ಗೆ ಮೇಲಿನವರ ಕೈವಾಡದಿಂದ ಮಾಯವಾಯಿತು.

ಇಲ್ಲಿ ಕಳೆದ ಚಳಿಗಾಲದಲ್ಲಿ ವೃದ್ಧರ ಅಪಾರ್ಟ್‌ಮೆಂಟಿನ ಎದುರು ರಸ್ತೆ ದಾಟುತ್ತಿದ್ದ ಅವರ ಗೆಳತಿಗೆ ಕಾರು ತಾಗಿ ಕೈ ಮುರಿಯಿತು. ಅಲ್ಲಿ ಸಿಗ್ನಲ್ ಬೇಕೆಂದು ಶೂಲಾನ್ ಹಟ ಹಿಡಿದರು. ಆದರೆ ಅವರು ಇನ್ನೂ ಚೀನಾದ ಪ್ರಜೆ, ವೋಟಿಲ್ಲ. ತಮ್ಮ ಮಾತು ಯಾರು ಕೇಳುತ್ತಾರೆ ಎಂಬ ಚಿಂತೆ.

ನನ್ನ ಗಂಡ ಬಸವೇಶ ಧಾರವಾಡದ ಧಾಟಿಯಲ್ಲೇ ಅಂದ, "ವೋಟ್ ಇಲ್ಲಂದ್ರ ಏನಾತು? ಊರಿನ ಕೌನ್ಸಿಲ್ ಮೀಟಿಂಗಿನ್ಯಾಗ ಇಲ್ಲಿ ಇರೋರು ಯಾರ ಬೇಕಾದ್ರೂ ಮಾತಾಡಬಹುದು. ಮೊದ್ಲ ಅವರ ಹೆಸರು ರಿಜಿಸ್ಟರ್ ಮಾಡಿಸು."

ಮಾತಾಡಲು ಐದು ನಿಮಿಷ ಸಿಕ್ಕಿತು. ಮೂರು ವಾರ ಶೂಲಾನ್ ರಸ್ತೆಯ ಬದಿ ನಿಂತು, ದಾಟುವ ಮುದುಕರನ್ನು ಎಣಿಸಿದರು. ಮಗಳು ಭಾಷಣ ಅನುವಾದಿಸಿದಳು. ನಮ್ಮ ಅಡುಗೆಮನೆಯಲ್ಲಿ ಅಭ್ಯಾಸ ನಡೆಯಿತು.

ಸಭೆಯ ದಿನ ನನ್ನ ಕಿವಿಯಲ್ಲಿ ಕೇಳಿದರು, "ನನ್ನ ಹೆಸರು ಬರೆದುಕೊಳ್ಳುತ್ತಾರಾ?"

"ಹೌದು, ದಾಖಲೆಯಲ್ಲಿ ಬರುತ್ತೆ."

ಕೋಟಿನ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿದರು. "ಬರೆಯಲಿ," ಎಂದು ಎದ್ದರು.

ಓದಿ ಮುಗಿಸಿದಾಗ ಸದಸ್ಯೆಯೊಬ್ಬಳು ಕೇಳಿದಳು, "ಯಾವ ಹೊತ್ತಿನಲ್ಲಿ ಹೆಚ್ಚು ಕಷ್ಟ?" ಪ್ರಶ್ನೆ ಬರುತ್ತದೆಂದು ಶೂಲಾನ್ ಎಣಿಸಿರಲಿಲ್ಲ. ಹಾಳೆ ಕೆಳಗಿಟ್ಟು, "ಐದು ಗಂಟೆ. ಚಳಿಗಾಲ. ಕತ್ತಲು," ಎಂದರು.

ಸಿಗ್ನಲ್ ಸಿಗಲಿಲ್ಲ. ಬೇಸಿಗೆಯಲ್ಲಿ ಮಿನುಗುವ ದೀಪದ ಕ್ರಾಸಿಂಗ್ ಬಂತು. ಇಲ್ಲಿನ ಪೌರತ್ವದ ಫಾರ್ಮನ್ನು ಶೂಲಾನ್ ಇನ್ನೂ ತುಂಬಿಲ್ಲ; ತುಂಬಿದರೆ ಚೀನಾದ ಪೌರತ್ವ ಹೋಗಿ, ಅಣ್ಣನನ್ನು ನೋಡಲು ವೀಸಾ ಕೇಳಬೇಕಾದೀತೆಂಬ ಅಳುಕು. ಕೌನ್ಸಿಲ್ ಸಭೆಗೆ ಮಾತ್ರ ತಪ್ಪದೆ ಹೋಗುತ್ತಾರೆ, ಕಸದ ಗಾಡಿಯ ಚರ್ಚೆಯಿದ್ದರೂ ಪೂರ್ತಿ ಕೂರುತ್ತಾರೆ.