ಕಣ್ಣಿಗೆ ತಾಗಿದ ಎಕ್ಕದ ಹಾಲು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಜಯಮ್ಮನವರು ಮಂಡಿನೋವಿಗೆ ಬಿಸಿ ಮಾಡಿ ಕಟ್ಟಲು ಬೇಲಿಯಲ್ಲಿದ್ದ ಎಕ್ಕದ ಎಲೆ ಕಿತ್ತರು. ಹಾಲು ಮೆತ್ತಿದ ಕೈಯಲ್ಲೇ ಕಣ್ಣುಜ್ಜಿಕೊಂಡು ಚೀರಿದರು. ನಾನು ಓಡಿಹೋಗಿ ಕಣ್ಣಿಗೆ ನೀರು ಹುಯ್ಯತೊಡಗಿದೆ. ಅವರ ಗಂಡ ಹರಳೆಣ್ಣೆ ತಂದರು.

"ನೀರು ಸಾಕು ಬುಡಮ್ಮ, ಇದ ಎರಡು ತೊಟ್ಟು ಬುಟ್ರೆ ತಣ್ಣಗಾಯ್ತದೆ."

"ಎಣ್ಣೆ ಗಿಣ್ಣೆ ಬ್ಯಾಡ ಕಣಣ್ಣ, ಮೊದ್ಲು ಆಟೋ ಕರೀರಿ" ಎಂದು ರೇಗಿದೆ. ನೀರು ಹುಯ್ಯುವುದನ್ನು ನಿಲ್ಲಿಸಲಿಲ್ಲ.

ಮಳವಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಪರೀಕ್ಷಿಸಿ, "ಕೂಡಲೇ ತೊಳೆದಿದ್ದಕ್ಕೆ ಉಳೀತು. ಎಕ್ಕದ ಹಾಲು ವಿಷ ಕಣಮ್ಮ" ಎಂದು ಗದರಿದರು.

ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಹೊರಬಂದ ಜಯಮ್ಮನವರನ್ನು ಸಾಲಿನಲ್ಲಿದ್ದ ಹೆಂಗಸರು ಸುತ್ತುವರಿದರು. ನಡೆದದ್ದೆಲ್ಲ ಕೇಳಿಸಿಕೊಂಡ ಮೇಲೆ ಒಬ್ಬಾಕೆ ಕೇಳಿದರು: "ಅದಿರ್ಲಿ ಕಣಕ್ಕ, ಎಲೆ ಕಟ್ಟುದ್ರೆ ಮಂಡಿನೋವು ಓಯ್ತದಾ?"

ಡಾಕ್ಟರ ಕೋಣೆಯ ಬಾಗಿಲು ಇನ್ನೂ ಮುಚ್ಚಿರಲಿಲ್ಲ.